ಬಾಕಿ ಇರುವವರ ಸಾಲು ಮಾತ್ರ ಕೆಂಪಾಗಲಿ
ಓದುಗರ ಪ್ರಶ್ನೆ, ಮೇಷ್ಟರ ಉತ್ತರ

ಕಳೆದ ಸಂಚಿಕೆಯಲ್ಲಿ ಜಾವಾದಲ್ಲಿ ಕಿಟಕಿ, ಬಟನ್, ಪಟ್ಟಿ ಮಾಡುವ ಸ್ವಿಂಗ್ ಲೈಬ್ರರಿಯ ಜೆಟೇಬಲ್ ಬಳಸಿ ಒಂದು ಲೆಕ್ಕದ ಪಟ್ಟಿಯನ್ನು ಪರದೆಯ ಮೇಲೆ ತರುವುದನ್ನು ಬರೆದಿದ್ದೆ. ಪಟ್ಟಿ ಬಂತು, ಈಗ ಎಲ್ಲರಿಗೂ ಅದಕ್ಕೆ ಅಲಂಕಾರ ಬೇಕು. ಬಂದ ಪತ್ರಗಳಲ್ಲಿ ಹೆಚ್ಚಿನವು ಸೆಲ್‌ನ ಬಣ್ಣ, ಅಂಕಿಯ ಜೋಡಣೆ, ಅಕ್ಷರದ ಗಾತ್ರ ಇವುಗಳ ಸುತ್ತಲೇ ಇವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಒಂದು ಮಾತು: ಇಲ್ಲಿ ಕನ್ನಡದಲ್ಲಿ ಅಚ್ಚಾಗಿರುವ ಕ್ಲಾಸ್ ಮತ್ತು ಮೆಥಡ್‌ಗಳ ಹೆಸರನ್ನು ಕೋಡಿನಲ್ಲಿ ಇಂಗ್ಲಿಷಿನಲ್ಲೇ, ನಡುವೆ ಜಾಗ ಬಿಡದೆ ಬರೆಯಬೇಕು. ಹೋದ ಸಲ ಒಬ್ಬರು ಕನ್ನಡದಲ್ಲೇ ಟೈಪ್ ಮಾಡಿ, ಕಂಪೈಲ್ ಆಗುತ್ತಿಲ್ಲ ಎಂದು ಜಗಳಕ್ಕೆ ಬಂದಿದ್ದರು.

ಪ್ರಶ್ನೆ: ಮೇಷ್ಟ್ರೇ, ಕೋಲಾರದ ಎಪಿಎಂಸಿಯಲ್ಲಿ ನಮ್ಮ ಚಿಕ್ಕಪ್ಪನ ಟೊಮೆಟೊ ಮಂಡಿ ಇದೆ. ಅವರಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತಿದ್ದೇನೆ. ಮಾಲು ಕೊಂಡು ಹೋದ ವ್ಯಾಪಾರಿ ಹದಿನೈದು ದಿನ ಕಳೆದರೂ ಹಣ ಕಟ್ಟದಿದ್ದರೆ ಅವರ ಬಾಕಿಯ ಸೆಲ್ ಕೆಂಪಾಗಬೇಕು ಎಂದರು. ಆಗುತ್ತದೆ. ಆದರೆ ಕೆಳಗೆ ಸ್ಕ್ರೋಲ್ ಮಾಡಿ ಮೇಲೆ ಬಂದರೆ ಹಣ ಕಟ್ಟಿದವರ ಸೆಲ್ ಕೂಡ ಕೆಂಪಾಗಿರುತ್ತದೆ. ಚಿಕ್ಕಪ್ಪ ಪರದೆ ನೋಡಿ, ಬಾಕಿಯೇ ಇಲ್ಲದ ವ್ಯಾಪಾರಿಗೆ ಫೋನ್ ಮಾಡಿ ಬೈದುಬಿಟ್ಟರು. ಏನು ಮಾಡಲಿ?
– ವೇಮಗಲ್‌ನ ಓದುಗ

ಉತ್ತರ: ಮೊದಲು ಆ ವ್ಯಾಪಾರಿಗೆ ಫೋನ್ ಮಾಡಿ ಸಮಾಧಾನ ಹೇಳಿ. ಆಮೇಲೆ ಪ್ರೋಗ್ರಾಂ ತೆರೆಯಿರಿ.

ಟೇಬಲ್‌ನಲ್ಲಿ ಐನೂರು ಸಾಲು, ಎಂಟು ಕಾಲಂ ಇದ್ದರೆ ನಾಲ್ಕು ಸಾವಿರ ಸೆಲ್‌ಗಳಾದವು. ಪ್ರತಿ ಸೆಲ್‌ಗೂ ಒಂದೊಂದು ಲೇಬಲ್ ಇದೆ ಎಂದು ನೀವು ನಂಬಿದ್ದೀರಿ. ಹಾಗಿಲ್ಲ. ಒಂದು ಬಗೆಯ ಸೆಲ್‌ಗಳಿಗೆಲ್ಲ ಒಂದೇ ಒಂದು ರೆಂಡರರ್, ಅಂದರೆ ಸೆಲ್‌ನ ಚಿತ್ರ ಬರೆದುಕೊಡುವ ಭಾಗ, ಇರುತ್ತದೆ. ಟೇಬಲ್ ಅದನ್ನು ಕರೆದು, ‘ಈ ಮೌಲ್ಯ, ಈ ಸಾಲು, ಈ ಕಾಲಂ, ಆಯ್ಕೆಯಾಗಿದೆಯೋ ಇಲ್ಲವೋ’ ಎಂದು ಹೇಳುತ್ತದೆ. ಅದು ಆ ರೂಪ ತಾಳುತ್ತದೆ. ಟೇಬಲ್ ಅದರ ಚಿತ್ರವನ್ನು ಆ ಜಾಗದಲ್ಲಿ ಬರೆದು, ಮುಂದಿನ ಸೆಲ್‌ಗೆ ಅದನ್ನೇ ಎತ್ತಿಕೊಂಡು ಹೋಗುತ್ತದೆ. ತಾಲ್ಲೂಕು ಕಚೇರಿಯ ತಾರೀಕಿನ ಮೊಹರು ನೋಡಿದ್ದೀರಲ್ಲ, ಚಕ್ರ ತಿರುಗಿಸದೆ ಒತ್ತಿದರೆ ನಿನ್ನೆಯ ತಾರೀಕೇ ಬೀಳುತ್ತದೆ. ನಿಮ್ಮ ಪ್ರೋಗ್ರಾಂ ಕೆಂಪಿಗೆ ಚಕ್ರ ತಿರುಗಿಸಿತು, ವಾಪಸ್ ತಿರುಗಿಸಲಿಲ್ಲ.

ನೀವು ಕಳಿಸಿದ ಕೋಡಿನಲ್ಲಿ ‘ಬಾಕಿ ದಿನ ಹದಿನೈದು ದಾಟಿದ್ದರೆ ಸೆಟ್‌ಬ್ಯಾಕ್‌ಗ್ರೌಂಡ್ ಕೆಂಪು’ ಎಂಬ ಷರತ್ತು ಇದೆ. ಇಲ್ಲದಿದ್ದರೆ ಏನು ಎಂಬುದು ಎಲ್ಲೂ ಇಲ್ಲ. ಇದರ ಮೇಲೆ ಡಿಫಾಲ್ಟ್‌ಟೇಬಲ್‌ಸೆಲ್‌ರೆಂಡರರ್‌ಗೆ ಒಂದು ಚಾಳಿ ಇದೆ: ಸೆಟ್‌ಬ್ಯಾಕ್‌ಗ್ರೌಂಡ್ ಮೂಲಕ ನೀವು ಕೊಟ್ಟ ಬಣ್ಣವನ್ನು ಅದು ‘ಆಯ್ಕೆಯಾಗದ ಸೆಲ್‌ನ ಬಣ್ಣ’ ಎಂದು ಒಳಗೆ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸೆಲ್‌ಗೆ ಟೇಬಲ್‌ನ ಸಹಜ ಬಣ್ಣದ ಬದಲು ಅದನ್ನೇ ಹಾಕುತ್ತದೆ. ಆದ್ದರಿಂದ ಒಬ್ಬ ಬಾಕಿದಾರ ಸಿಕ್ಕಿದ ಮೇಲೆ ಬರೆಯುವ ಪ್ರತಿ ಸೆಲ್ಲೂ ಕೆಂಪು.

ಪರಿಹಾರ ಮೂರು ಹೆಜ್ಜೆ, ಅದೇ ಕ್ರಮದಲ್ಲಿ. ಗೆಟ್‌ಟೇಬಲ್‌ಸೆಲ್‌ರೆಂಡರರ್‌ಕಾಂಪೊನೆಂಟ್ ಮೆಥಡ್‌ನ ಒಳಗೆ ಮೊದಲ ಸಾಲಿನಲ್ಲೇ ಸೆಟ್‌ಬ್ಯಾಕ್‌ಗ್ರೌಂಡ್‌ಗೆ ನಲ್, ಅಂದರೆ ‘ಏನೂ ಇಲ್ಲ’, ಕೊಡಿ. ಹಳೆಯ ನೆನಪು ಅಳಿಯುತ್ತದೆ. ಆಮೇಲೆ ಸೂಪರ್ ಮೂಲಕ ಮೂಲ ಮೆಥಡ್ ಕರೆಯಿರಿ. ಅದು ಸಹಜ ಬಣ್ಣ, ಅಕ್ಷರ, ಅಂಚು ಎಲ್ಲ ಹಾಕುತ್ತದೆ. ಕೊನೆಗೆ, ಸೆಲ್ ಆಯ್ಕೆಯಾಗಿಲ್ಲ ಮತ್ತು ಬಾಕಿ ಇದೆ ಎಂದಾದರೆ ಮಾತ್ರ ಕೆಂಪು. ಆಯ್ಕೆಯಾದ ಸಾಲಿಗೂ ಕೆಂಪು ಬಳಿದರೆ ಯಾವ ಸಾಲಿನ ಮೇಲೆ ನಿಂತಿದ್ದೇವೆ ಎಂಬುದೇ ಚಿಕ್ಕಪ್ಪನಿಗೆ ಕಾಣುವುದಿಲ್ಲ.

ಫೋರ್‌ಗ್ರೌಂಡ್ ಎಂದರೆ ಅಕ್ಷರದ ಬಣ್ಣಕ್ಕೂ ಇದೇ ನಿಯಮ. ಅಕ್ಷರವನ್ನು ದಪ್ಪ ಮಾಡಿದರೆ ಮಾತ್ರ ಚಿಂತೆಯಿಲ್ಲ, ಮೂಲ ಮೆಥಡ್ ಪ್ರತಿ ಸಲವೂ ಟೇಬಲ್‌ನ ಫಾಂಟನ್ನು ಹೊಸದಾಗಿ ಹಾಕಿಕೊಳ್ಳುತ್ತದೆ. ಆದರೆ ಐಕಾನ್, ಟೂಲ್‌ಟಿಪ್, ಎಡ ಬಲದ ಜೋಡಣೆ ಇವನ್ನು ಅದು ಮುಟ್ಟುವುದಿಲ್ಲ. ಒಮ್ಮೆ ಇಟ್ಟ ಐಕಾನ್ ನೀವೇ ತೆಗೆಯುವ ತನಕ ಎಲ್ಲರ ಹೆಸರಿನ ಮುಂದೆಯೂ ಕುಳಿತಿರುತ್ತದೆ.

ನಿಮ್ಮ ಮುಂದಿನ ಪತ್ರ ಏನೆಂದು ನನಗೆ ಈಗಲೇ ಗೊತ್ತು: ‘ಸೆಲ್ ಸಾಲದು, ಇಡೀ ಸಾಲು ಕೆಂಪಾಗಲಿ ಎನ್ನುತ್ತಾರೆ ಚಿಕ್ಕಪ್ಪ.’ ಆಬ್ಜೆಕ್ಟ್ ಕ್ಲಾಸ್‌ಗೆ ನಿಮ್ಮ ರೆಂಡರರ್ ಕಟ್ಟುತ್ತೀರಿ. ಹೆಸರು, ಊರು ಕೆಂಪಾಗುತ್ತವೆ, ಅಂಕಿಯ ಕಾಲಂ ಬೆಳ್ಳಗೇ ಉಳಿಯುತ್ತದೆ. ಏಕೆಂದರೆ ನಂಬರ್, ಬೂಲಿಯನ್, ಡೇಟ್ ಕ್ಲಾಸ್‌ಗಳಿಗೆ ಜೆಟೇಬಲ್‌ನಲ್ಲಿ ಮೊದಲೇ ಬೇರೆ ಬೇರೆ ರೆಂಡರರ್‌ಗಳಿವೆ. ಇಡೀ ಸಾಲಿನ ಕೆಲಸಕ್ಕೆ ಜೆಟೇಬಲ್‌ನ ಪ್ರಿಪೇರ್‌ರೆಂಡರರ್ ಮೆಥಡನ್ನೇ ಓವರ್‌ರೈಡ್ ಮಾಡಿ, ಅಂದರೆ ಅದೇ ಹೆಸರಿನಲ್ಲಿ ನಿಮ್ಮದೇ ಮೆಥಡ್ ಬರೆದು ಅದರ ಜಾಗದಲ್ಲಿಡಿ. ಯಾವ ಕಾಲಂನ ಯಾವ ರೆಂಡರರ್ ಆದರೂ ಅಲ್ಲಿಂದಲೇ ಹಾದು ಬರಬೇಕು. ಅಲ್ಲಿಯೂ ‘ಬಾಕಿಯಿದ್ದರೆ ಕೆಂಪು, ಇಲ್ಲದಿದ್ದರೆ ಟೇಬಲ್‌ನ ಬಣ್ಣ’ ಎಂದು ಎರಡೂ ಬರೆಯಬೇಕು.

ಕೇಳದಿದ್ದರೂ ಹೇಳುತ್ತೇನೆ. ಅಚ್ಚ ಕೆಂಪಿನ ಮೇಲೆ ಕಪ್ಪು ಅಂಕಿ ಓದಲು ಕಷ್ಟ. ತಿಳಿ ಗುಲಾಬಿ ಸಾಕು. ಕೆಂಪು ಹಸಿರು ಬೇರೆಯಾಗಿ ಕಾಣದವರೂ ಮಂಡಿಯಲ್ಲಿ ಕೆಲಸ ಮಾಡುತ್ತಾರೆ, ಅವರಿಗಾಗಿ ಅಂಕಿಯನ್ನು ದಪ್ಪವೂ ಮಾಡಿ.

ಪ್ರಶ್ನೆ: ಸರ್, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್ ಒಬ್ಬರಿಗೆ ಗೂಡು ಖರೀದಿಯ ಪಟ್ಟಿ ಮಾಡಿದ್ದೇನೆ. ತೂಕದ ಕಾಲಂ ಮೇಲೆ ಕ್ಲಿಕ್ ಮಾಡಿ ವಿಂಗಡಿಸಿದರೆ 105 ಕೆ.ಜಿ., 32 ಕೆ.ಜಿ., 48 ಕೆ.ಜಿ., 9 ಕೆ.ಜಿ. ಎಂದು ಬರುತ್ತದೆ. ಮೊತ್ತದ ಕಾಲಂನಲ್ಲಿ ರೂಪಾಯಿ ಚಿಹ್ನೆ ಇದ್ದರೂ ಹಾಗೆಯೇ. ಅಂಕಿಗಳು ಬಲಕ್ಕೆ ಸಾಲಾಗಿ ನಿಲ್ಲುವುದೂ ಇಲ್ಲ.
– ಚಿಂತಾಮಣಿಯ ಓದುಗಿ

ಉತ್ತರ: ತೂಕದ ಜೊತೆ ‘ಕೆ.ಜಿ.’ ಎಂಬ ಅಕ್ಷರವನ್ನೂ ಮಾಡೆಲ್‌ನೊಳಗೆ, ಅಂದರೆ ಟೇಬಲ್‌ನ ಮಾಹಿತಿ ಇರುವ ಕಡೆ, ತುಂಬಿದ್ದೀರಿ. ಅಲ್ಲಿಗೆ ಅದು ತೂಕವಲ್ಲ, ಬರಹ. ಬರಹವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಒಂದರಿಂದ ಶುರುವಾಗುವ 105, ಮೂರರಿಂದ ಶುರುವಾಗುವ 32ಕ್ಕಿಂತ ಮೊದಲು. ಕಂಪ್ಯೂಟರ್ ಸರಿಯಾಗಿಯೇ ಮಾಡಿದೆ.

ಮಾಡೆಲ್‌ನಲ್ಲಿ ಬರೀ 105 ಇರಲಿ. ‘ಕೆ.ಜಿ.’ ಎಂಬುದು ನೋಡುವವರಿಗಾಗಿ ಇರುವುದು, ಅದು ರೆಂಡರರ್‌ನ ಪಾಲು. ಡಿಫಾಲ್ಟ್‌ಟೇಬಲ್‌ಸೆಲ್‌ರೆಂಡರರ್‌ನಲ್ಲಿ ಸೆಟ್‌ವ್ಯಾಲ್ಯೂ ಎಂಬ ಪುಟ್ಟ ಮೆಥಡ್ ಇದೆ, ಅಕ್ಷರ ಬದಲಾಯಿಸುವುದಷ್ಟೇ ಕೆಲಸವಾದರೆ ಅದನ್ನು ಓವರ್‌ರೈಡ್ ಮಾಡಿದರೆ ಸಾಕು. ಬಂದ ಸಂಖ್ಯೆಗೆ ‘ಕೆ.ಜಿ.’ ಸೇರಿಸಿ ಸೆಟ್‌ಟೆಕ್ಸ್ಟ್‌ಗೆ ಕೊಡಿ. ಸಂಖ್ಯೆಯೇ ಇಲ್ಲದ ಖಾಲಿ ಸೆಲ್ ಬಂದರೆ ಖಾಲಿ ಬರಹ ಕೊಡುವುದನ್ನು ಮರೆಯಬೇಡಿ.

ಇಷ್ಟು ಮಾಡಿದರೂ ವಿಂಗಡಣೆ ಸರಿಹೋಗದು, ಇನ್ನೊಂದು ಕೊಂಡಿ ಉಳಿದಿದೆ. ಮಾಡೆಲ್‌ನ ಗೆಟ್‌ಕಾಲಂಕ್ಲಾಸ್ ಮೆಥಡನ್ನು ನೀವು ಬರೆಯದಿದ್ದರೆ ಅದು ಎಲ್ಲ ಕಾಲಂಗೂ ‘ಆಬ್ಜೆಕ್ಟ್’ ಎಂದೇ ಉತ್ತರಿಸುತ್ತದೆ. ಟೇಬಲ್‌ಗೂ ವಿಂಗಡಿಸುವ ಟೇಬಲ್‌ರೋಸಾರ್ಟರ್‌ಗೂ ಇದು ಸಂಖ್ಯೆ ಎಂದು ತಿಳಿಯುವ ದಾರಿಯೇ ಇಲ್ಲ. ತೂಕಕ್ಕೆ ಡಬಲ್, ಲಾಟ್ ನಂಬರಿಗೆ ಇಂಟಿಜರ್, ‘ಹಣ ಪಾವತಿ ಆಯಿತೇ’ ಎಂಬುದಕ್ಕೆ ಬೂಲಿಯನ್ ಎಂದು ಅಲ್ಲಿ ಹೇಳಿ. ಕೂಡಲೇ ವಿಂಗಡಣೆ ಅಂಕಿಯ ಲೆಕ್ಕದಲ್ಲಿ ನಡೆಯುತ್ತದೆ, ಪಾವತಿಯ ಕಾಲಂನಲ್ಲಿ ಟ್ರೂ, ಫಾಲ್ಸ್ ಹೋಗಿ ಟಿಕ್ ಪೆಟ್ಟಿಗೆ ಬರುತ್ತದೆ. ಅಂಕಿಗಳು ಬಲಕ್ಕೆ ಸರಿಯುತ್ತವೆ. ನೀವೇ ಬರೆದ ತೂಕದ ರೆಂಡರರ್‌ಗೆ ಮಾತ್ರ ಬಲಕ್ಕೆ ನಿಲ್ಲಲು ನೀವೇ ಹೇಳಬೇಕು, ಅದರ ಕನ್‌ಸ್ಟ್ರಕ್ಟರ್‌ನಲ್ಲಿ ಒಮ್ಮೆ ಹೇಳಿದರೆ ಸಾಕು.

ಮೊತ್ತದ ಕಾಲಂನಲ್ಲಿ ಇನ್ನೊಂದು ತೊಡಕು ನಿಮಗಾಗಿ ಕಾಯುತ್ತಿದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ. ಆಗ ನೂರು ಬಾಕ್ಸ್ ತಂದವರಿಗೆ ಎರಡು ಲಕ್ಷ. ನಾವು 2,00,000 ಎಂದು ಬರೆಯುತ್ತೇವೆ. ಜಾವಾ ಜೊತೆ ಬರುವ ಡೆಸಿಮಲ್‌ಫಾರ್ಮ್ಯಾಟ್ 200,000 ಎಂದು ಬರೆಯುತ್ತದೆ. ನಮ್ಮ ಹಾಗೆ ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕಿ ಮಾದರಿ ಕೊಟ್ಟರೂ ಅದು ಕೊನೆಯ ಅಲ್ಪವಿರಾಮದಿಂದ ಈಚೆಗೆ ಎಷ್ಟು ಅಂಕಿ ಇವೆ ಎಂಬುದನ್ನಷ್ಟೇ ನೋಡಿ, ಉದ್ದಕ್ಕೂ ಮೂರು ಮೂರಾಗಿ ಕತ್ತರಿಸುತ್ತದೆ. ಐಸಿಯು4ಜೆ ಎಂಬ ಉಚಿತ ಲೈಬ್ರರಿಯಲ್ಲಿ ಇದೇ ಹೆಸರಿನ ಕ್ಲಾಸ್ ಇದೆ, ಅದಕ್ಕೆ ಲಕ್ಷ, ಕೋಟಿ ಗೊತ್ತು. ಅಷ್ಟು ದೊಡ್ಡ ಲೈಬ್ರರಿ ಬೇಡವೆನ್ನುವವರು ಕೊನೆಯ ಮೂರು ಅಂಕಿ ಬಿಟ್ಟು, ಉಳಿದವನ್ನು ಬಲದಿಂದ ಎರಡೆರಡಾಗಿ ಬಿಡಿಸುವ ಒಂದು ಸಣ್ಣ ಮೆಥಡ್ ಬರೆದುಕೊಳ್ಳಬಹುದು. ಮೈನಸ್ ಚಿಹ್ನೆಯನ್ನು ಮೊದಲೇ ತೆಗೆದಿಟ್ಟು ಕೊನೆಗೆ ಸೇರಿಸಿ, ಇಲ್ಲದಿದ್ದರೆ ಅದನ್ನೂ ಅಂಕಿ ಎಂದು ಎಣಿಸುತ್ತದೆ. ಕನ್ನಡ ಅಂಕಿಗಳೇ ಬೇಕೆಂದರೆ ಡೆಸಿಮಲ್‌ಫಾರ್ಮ್ಯಾಟ್‌ಸಿಂಬಲ್ಸ್‌ನಲ್ಲಿ ಸೊನ್ನೆಯ ಜಾಗಕ್ಕೆ ೦ ಕೊಡಿ, ಉಳಿದ ಒಂಬತ್ತು ತಾವಾಗಿಯೇ ಹಿಂದೆ ಬರುತ್ತವೆ.

ಪ್ರಶ್ನೆ: ನಮ್ಮ ತಂದೆ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಬೆಳಗಿನ ಹಾಲಿನ ಪಟ್ಟಿಯಲ್ಲಿ ಫ್ಯಾಟ್ ಒಂದೇ ದಶಮಾಂಶಕ್ಕೆ ಕಾಣಲಿ ಎಂದು ರೆಂಡರರ್ ಹಾಕಿದೆ. 3.75 ಇದ್ದವರಿಗೆ 3.8 ಎಂದು ತೋರಿಸುತ್ತದೆ, 3.25 ಇದ್ದವರಿಗೆ 3.2 ಎಂದು. ‘ಅವರಿಗೆ ಮೇಲಕ್ಕೆ, ನಮಗೆ ಕೆಳಕ್ಕೆ ಏಕೆ’ ಎಂದು ಉತ್ಪಾದಕರು ಕೇಳುತ್ತಿದ್ದಾರೆ. ಜಾವಾದಲ್ಲಿ ದೋಷವೇ?
– ಮಾಲೂರು ತಾಲ್ಲೂಕಿನ ಓದುಗಿ

ಉತ್ತರ: ಈ ತಿಂಗಳ ಅತ್ಯುತ್ತಮ ಪ್ರಶ್ನೆ ಇದು, ಉತ್ಪಾದಕರ ಕಣ್ಣಿಗೆ ನಮಸ್ಕಾರ.

ದೋಷವಲ್ಲ, ನಿಯಮ. ನಂಬರ್‌ಫಾರ್ಮ್ಯಾಟ್‌ಗೆ ಬೇರೆ ಹೇಳದಿದ್ದರೆ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಯ ಕಡೆಗೆ ವಾಲುತ್ತದೆ. 3.25ರ ಒಂದು ಕಡೆ 3.2, ಇನ್ನೊಂದು ಕಡೆ 3.3, ಎರಡು ಸಮ, ಆದ್ದರಿಂದ 3.2. 3.75ಕ್ಕೆ 3.7 ಮತ್ತು 3.8, ಎಂಟು ಸಮ, ಆದ್ದರಿಂದ 3.8. ಸಾವಿರಾರು ಅಂಕಿಗಳನ್ನು ಕೂಡಿದಾಗ ಮೊತ್ತ ಒಂದೇ ಕಡೆ ವಾಲದಿರಲಿ ಎಂದು ಮಾಡಿದ ಏರ್ಪಾಡು. ಲೆಕ್ಕಶಾಸ್ತ್ರಕ್ಕೆ ಸರಿ, ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಇದನ್ನು ಬಿಡಿಸಿ ಹೇಳುವವರು ಯಾರು?

ಸೆಟ್‌ರೌಂಡಿಂಗ್‌ಮೋಡ್ ಮೂಲಕ ಹಾಫ್‌ಅಪ್ ಎಂದು ಹೇಳಿದರೆ ಅರ್ಧ ಬಂದಾಗಲೆಲ್ಲ ಮೇಲಕ್ಕೇ ಹೋಗುತ್ತದೆ, 3.25 ಕೂಡ 3.3 ಆಗುತ್ತದೆ. ಆದರೆ ನೀವು ಹಾಗೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಹಣ ಲೆಕ್ಕ ಹಾಕುವುದು ಮಾಡೆಲ್‌ನಲ್ಲಿರುವ 3.25ರಿಂದ. ಪರದೆಯಲ್ಲಿ 3.3 ಕಂಡವರು ಮನೆಗೆ ಹೋಗಿ 3.3ಕ್ಕೆ ಲೆಕ್ಕ ಹಾಕಿ, ಹಣ ಕಡಿಮೆ ಬಂತೆಂದು ಸಂಜೆ ನಿಮ್ಮ ತಂದೆಯ ಮುಂದೆ ನಿಲ್ಲುತ್ತಾರೆ. ಯಾವ ಅಂಕಿಯಿಂದ ಹಣ ಕೊಡುತ್ತೀರೋ ಅದೇ ಅಂಕಿ ಪರದೆಯಲ್ಲೂ ಕಾಣಬೇಕು. ನಿಮ್ಮ ಪರೀಕ್ಷಾ ಯಂತ್ರ ಎರಡು ದಶಮಾಂಶ ಕೊಡುತ್ತದೆ ಎಂದಮೇಲೆ ಎರಡನ್ನೂ ತೋರಿಸಿ. ಕನಿಷ್ಠ ಎರಡು, ಗರಿಷ್ಠ ಎರಡು ದಶಮಾಂಶ ಎಂದು ಫಾರ್ಮ್ಯಾಟ್‌ಗೆ ಹೇಳಿ. ಕನಿಷ್ಠವನ್ನೂ ಹೇಳಲು ಕಾರಣವಿದೆ: ಬರೀ ಗರಿಷ್ಠ ಹೇಳಿದರೆ 4.00 ಬಂದಾಗ ಸೊನ್ನೆಗಳನ್ನು ಉದುರಿಸಿ 4 ಎಂದಷ್ಟೇ ಬರೆಯುತ್ತದೆ, ದಶಮಾಂಶದ ಚುಕ್ಕೆಗಳು ಒಂದರ ಕೆಳಗೆ ಒಂದು ನಿಲ್ಲುವುದಿಲ್ಲ.

ಫ್ಯಾಟ್ ಮತ್ತು ಮೊತ್ತ ಎರಡನ್ನೂ ಡಬಲ್ ಬಿಟ್ಟು ಬಿಗ್‌ಡೆಸಿಮಲ್‌ನಲ್ಲಿಡಿ. 3.35ರಂಥ ಅಂಕಿಯನ್ನು ಡಬಲ್ ನಿಖರವಾಗಿ ಹಿಡಿದಿಡಲಾರದು, ಕೂದಲೆಳೆಯಷ್ಟು ಹೆಚ್ಚೋ ಕಡಿಮೆಯೋ ಆಗಿರುತ್ತದೆ, ಮತ್ತೆ ಇದೇ ತರಹದ ಜಗಳ ಹುಟ್ಟುತ್ತದೆ.

ಪ್ರಶ್ನೆ: ತಿಪಟೂರಿನ ಕೊಬ್ಬರಿ ವರ್ತಕರಿಗೆ ಮಾಡಿದ ಪ್ರೋಗ್ರಾಂ. ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಆ ರೈತರ ಖಾತೆ ತೆರೆಯಬೇಕು. ಕ್ವಿಂಟಲ್ ಕಾಲಂನಿಂದ ವಿಂಗಡಿಸಿದ ಮೇಲೆ ಬೇರೆಯವರ ಖಾತೆ ತೆರೆಯುತ್ತದೆ.
– ತಿಪಟೂರಿನ ಓದುಗ

ಉತ್ತರ: ಕಣ್ಣಿಗೆ ಕಾಣುವ ಮೂರನೆಯ ಸಾಲು, ಮಾಡೆಲ್‌ನ ಮೂರನೆಯ ಸಾಲಲ್ಲ. ವಿಂಗಡಿಸಿದಾಗ ಮಾಡೆಲ್ ಅಲುಗುವುದಿಲ್ಲ, ನೋಟ ಮಾತ್ರ ಬದಲಾಗುತ್ತದೆ. ಕ್ಲಿಕ್‌ನಿಂದ ಬಂದ ಸಾಲಿನ ಸಂಖ್ಯೆಯನ್ನು ಕನ್‌ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಮೂಲಕ ಹಾಯಿಸಿ, ಆಮೇಲೆ ಮಾಡೆಲ್‌ನಲ್ಲಿ ಹುಡುಕಿ. 2006ರಲ್ಲಿ ಬಂದ ಜಾವಾ 6ರಿಂದಲೂ ಈ ಮೆಥಡ್ ಇದೆ. ವೇಮಗಲ್‌ನವರೂ ಇದನ್ನು ಓದಿಕೊಳ್ಳಲಿ: ರೆಂಡರರ್‌ಗೆ ಬರುವ ಸಾಲು, ಕಾಲಂ ಎರಡೂ ನೋಟದವು. ಬಾಕಿಯ ಸೆಲ್‌ಗೆ ಬಣ್ಣ ಹಾಕಲು ತಾರೀಕಿನ ಕಾಲಂ ನೋಡಬೇಕೆಂದರೆ, ಸಾಲನ್ನು ಪರಿವರ್ತಿಸಿಕೊಂಡು ಮಾಡೆಲ್‌ನಿಂದಲೇ ತಾರೀಕು ತೆಗೆದುಕೊಳ್ಳಿ. ಬಳಕೆದಾರರು ಕಾಲಂ ಹಿಡಿದೆಳೆದು ಬೇರೆಡೆ ಇಟ್ಟರೂ ಆಗ ತಪ್ಪುವುದಿಲ್ಲ.

ಪ್ರಶ್ನೆ: ಟೇಬಲ್‌ನಲ್ಲಿ ಕನ್ನಡದ ಹೆಸರುಗಳ ಬುಡ ಕತ್ತರಿಸಿಹೋಗುತ್ತದೆ. ಬಂಗಾರಪೇಟೆ ಸರಿಯಾಗಿ ಕಾಣುತ್ತದೆ, ಚಿಕ್ಕಬಳ್ಳಾಪುರ, ಶ್ರೀನಿವಾಸಪುರ ಕಾಣುವುದಿಲ್ಲ. ಹಳೆಯ ಸದಸ್ಯರ ಪಟ್ಟಿಯಂತೂ ಬರೀ ಇಂಗ್ಲಿಷ್ ಅಕ್ಷರಗಳ ಗೊಂದಲ.
– ಗೌರಿಬಿದನೂರಿನ ಓದುಗ

ಉತ್ತರ: ಜೆಟೇಬಲ್‌ನ ಸಾಲಿನ ಎತ್ತರ, ನೀವು ಹೇಳದಿದ್ದರೆ, 16 ಪಿಕ್ಸೆಲ್. ಇಂಗ್ಲಿಷ್ ಅಕ್ಷರಕ್ಕೆ ಸಾಕು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಜಾಗವಿಲ್ಲದೆ ‘ಕ್ಕ’ದ ಕಾಲು ಮಾಯವಾಗುತ್ತದೆ. ಅಂದಾಜಿಗೆ 24 ಎಂದು ಬರೆದುಬಿಡಬೇಡಿ, ಫಾಂಟ್ ದೊಡ್ಡದು ಮಾಡಿದ ದಿನ ಮತ್ತೆ ಕತ್ತರಿಸುತ್ತದೆ. ಟೇಬಲ್‌ನ ಫಾಂಟ್‌ಮೆಟ್ರಿಕ್ಸ್‌ನಿಂದ ಎತ್ತರ ಕೇಳಿ, ಅದಕ್ಕೆ ಐದಾರು ಪಿಕ್ಸೆಲ್ ಸೇರಿಸಿ ಸೆಟ್‌ರೋಹೈಟ್‌ಗೆ ಕೊಡಿ. ಫಾಂಟನ್ನೂ ಕನ್ನಡ ಇರುವ ಫಾಂಟನ್ನೇ ಹೆಸರಿಸಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇದೆ, ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ತುಂಗಾ.

ಹಳೆಯ ಪಟ್ಟಿಯನ್ನು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿರಬೇಕು. ಆ ಫಾಂಟ್ ಹಾಕಿದ ರೆಂಡರರ್ ಅನ್ನು ಆ ಕಾಲಂಗೆ ಮಾತ್ರ ಕಟ್ಟಿದರೆ ಹೆಸರುಗಳು ಕನ್ನಡದಲ್ಲಿ ಕಾಣುತ್ತವೆ. ಫಾಂಟ್ ಹಾಕುವುದು ಮೂಲ ಮೆಥಡ್ ಕರೆದ ನಂತರ ಇರಬೇಕು, ಮೊದಲು ಹಾಕಿದರೆ ಅದು ಅಳಿಸಿಬಿಡುತ್ತದೆ. ಇದು ತಾತ್ಕಾಲಿಕ. ಹುಡುಕುವುದು, ವಿಂಗಡಿಸುವುದು ಯಾವುದೂ ನಡೆಯದು. ಪಟ್ಟಿಯನ್ನೇ ಯೂನಿಕೋಡ್‌ಗೆ ಪರಿವರ್ತಿಸಿ.

ಪ್ರಶ್ನೆ: ಮೌಸ್ ಆಡಿಸಿದರೂ ಟೇಬಲ್ ತಡವರಿಸುತ್ತದೆ. ಇರುವುದು ಇನ್ನೂರು ಸಾಲು. ಪ್ರತಿ ಸೆಲ್‌ನಲ್ಲಿ ರೈತರ ಹೆಸರನ್ನು ಡೇಟಾಬೇಸ್‌ನಿಂದ ತೆಗೆದು ತೋರಿಸುತ್ತಿದ್ದೇನೆ.
– ಮುಳಬಾಗಿಲಿನ ಓದುಗ

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ಪರದೆಯಲ್ಲಿ ಕಾಣುವ ಪ್ರತಿ ಸೆಲ್‌ಗೂ, ಬರೆಯಬೇಕಾದಾಗಲೆಲ್ಲ ರೆಂಡರರ್ ಕೆಲಸ ಮಾಡುತ್ತದೆ. ಮೌಸ್ ಸೆಲ್‌ನ ಮೇಲೆ ನಿಂತಾಗ ಟೂಲ್‌ಟಿಪ್ ಏನೆಂದು ಕೇಳಲೂ ಟೇಬಲ್ ಅದನ್ನೇ ಎಬ್ಬಿಸುತ್ತದೆ. ಅಲ್ಲಿಂದ ಡೇಟಾಬೇಸ್‌ಗೆ ಹೋಗಿ ಬಂದರೆ ತಡವರಿಸದೆ ಇನ್ನೇನು? ಹೆಸರುಗಳನ್ನು ಪಟ್ಟಿ ತೆರೆಯುವಾಗಲೇ ಒಮ್ಮೆ ತಂದು ಮಾಡೆಲ್‌ನಲ್ಲಿಡಿ. ರೆಂಡರರ್‌ನೊಳಗೆ ಹೊಸ ಫಾಂಟ್, ಹೊಸ ಬಣ್ಣ, ಹೊಸ ಡೇಟ್‌ಫಾರ್ಮ್ಯಾಟ್ ಸೃಷ್ಟಿಸುವುದನ್ನೂ ಬಿಡಿ. ಒಂದೊಂದನ್ನು ಹೊರಗೆ ಮಾಡಿಟ್ಟುಕೊಂಡು ಅದನ್ನೇ ಬಳಸಿ.

ಪ್ರಶ್ನೆ: ಕೊನೆಯ ಕಾಲಂನಲ್ಲಿ ‘ರಸೀದಿ’ ಎಂಬ ಬಟನ್ ಇಟ್ಟಿದ್ದೇನೆ. ಕಾಣುತ್ತದೆ, ಒತ್ತಲು ಆಗುವುದಿಲ್ಲ.
– ಶಿರಾದ ಓದುಗಿ

ಉತ್ತರ: ಅಲ್ಲಿರುವುದು ಬಟನ್‌ನ ಚಿತ್ರ. ರೆಂಡರರ್ ಚಿತ್ರ ಬರೆದು ಹೋಗುತ್ತದೆ, ಒತ್ತಿದ್ದನ್ನು ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಅದಕ್ಕೆ ಟೇಬಲ್‌ಸೆಲ್‌ಎಡಿಟರ್ ಬೇಕು, ಮಾಡೆಲ್‌ನ ಈಸ್‌ಸೆಲ್‌ಎಡಿಟಬಲ್ ಆ ಕಾಲಂಗೆ ಟ್ರೂ ಎನ್ನಬೇಕು. ನನ್ನನ್ನು ಕೇಳಿದರೆ ಇನ್ನೂರು ಸಾಲಿಗೆ ಇನ್ನೂರು ಬಟನ್ ಬೇಡ. ಟೇಬಲ್‌ನ ಕೆಳಗೆ ಒಂದೇ ಬಟನ್ ಇಡಿ, ಆಯ್ಕೆಯಾದ ಸಾಲಿನ ರಸೀದಿ ಬರಲಿ.

ಪ್ರಶ್ನೆ: ಬಣ್ಣ ಹಾಕಿದ ಟೇಬಲ್ ಪ್ರಿಂಟ್ ಮಾಡಿದರೆ ಬಾಕಿದಾರರ ಸಾಲುಗಳು ಕಪ್ಪು ಲೇಸರ್ ಪ್ರಿಂಟರ್‌ನಲ್ಲಿ ಬೂದಿ ಬಣ್ಣಕ್ಕೆ ಬಂದು ಅಂಕಿಯೇ ಓದಲಾಗುವುದಿಲ್ಲ.
– ಕೋಲಾರದ ಓದುಗ

ಉತ್ತರ: ಜೆಟೇಬಲ್‌ನ ಪ್ರಿಂಟ್ ಮೆಥಡ್ ಕಾಗದದ ಮೇಲೂ ಅದೇ ರೆಂಡರರ್‌ಗಳನ್ನು ಬಳಸುತ್ತದೆ. ಆಯ್ಕೆಯಾದ ಸಾಲಿನ ನೀಲಿ ಬಣ್ಣವನ್ನು ಅದು ತಾನೇ ಬಿಟ್ಟುಬಿಡುತ್ತದೆ, ನೀವು ಹಾಕಿದ ಬಣ್ಣವನ್ನು ಬಿಡುವುದಿಲ್ಲ. ರೆಂಡರರ್‌ನೊಳಗೆ ಟೇಬಲ್‌ನ ಈಸ್‌ಪೇಂಟಿಂಗ್‌ಫಾರ್‌ಪ್ರಿಂಟ್ ಏನು ಹೇಳುತ್ತದೆ ನೋಡಿ. ಟ್ರೂ ಆಗಿದ್ದರೆ ಬಣ್ಣ ಬಿಟ್ಟು, ಅಂಕಿಯನ್ನು ದಪ್ಪ ಮಾಡಿ, ಅದರ ಮುಂದೆ ಒಂದು ನಕ್ಷತ್ರದ ಗುರುತು ಹಾಕಿ. ಟೋನರ್ ಖರ್ಚೂ ಉಳಿಯುತ್ತದೆ.